ಬೀದಿ ಕಾದವನ ಲಾಠಿ

ಮಂಚದ ಕೆಳಗೆ ಅರ್ಧ ಮೈ ತೂರಿಸಿ ಮಗಳು ಲಾಠಿಗಾಗಿ ತಡಕುತ್ತಿದ್ದಳು. ಅಪ್ಪ ಹಜಾರದಲ್ಲಿ ಕಣ್ಮುಚ್ಚಿ ಮಲಗಿದ್ದ, ಜೀವಮಾನದಲ್ಲಿ ಮೊದಲ ಸಲ ಯಾರನ್ನೂ ಗದರಿಸದೆ. ಲಾಠಿಯನ್ನು ಪಕ್ಕದಲ್ಲಿಟ್ಟೇ ಕಳಿಸಬೇಕು, ಬೀದಿ ಕಾದ ಕೈ ಅದು ಎಂದು ದೊಡ್ಡಪ್ಪ ಅಪ್ಪಣೆ ಮಾಡಿದ್ದರು.

ಬಂದವರೂ ಹಾಗೇ ಹೊಗಳುತ್ತಿದ್ದರು. ಅವನಿದ್ದದ್ದಕ್ಕೆ ನೆಮ್ಮದಿಯಾಗಿ ನಿದ್ದೆ ಮಾಡಿದೆವು ಅಂದ ದಿನಸಿ ಅಂಗಡಿಯವನು; ತನ್ನ ಅಂಗಡಿಗೇ ಕನ್ನ ಬಿದ್ದದ್ದು ಅವನಿಗೆ ಮರೆತುಹೋಗಿತ್ತು. ಕಳ್ಳರು ಅಪ್ಪನ ಕೈಗೆ ಎಂದೂ ಸಿಗಲಿಲ್ಲ. ಸಿಕ್ಕಿದ್ದು ತಡವಾಗಿ ಮನೆಗೆ ಬರುತ್ತಿದ್ದ ದರ್ಜಿ. ಆ ದರ್ಜಿ ಮೂಲೆಯಲ್ಲಿ ಕೂತು ತನ್ನ ಸೊಟ್ಟ ಹೆಬ್ಬೆರಳು ಸವರಿಕೊಳ್ಳುತ್ತಿದ್ದ.

"ಮಲೇರಿಯಾ ಬಂದಾಗ ನಿನ್ನ ಉಳಿಸಿದ್ದೂ ಅವನೇ ಕಣಮ್ಮ," ಎಂದರು ದೊಡ್ಡಪ್ಪ ಹಜಾರದಿಂದ.

ಮಂಚದ ಕೆಳಗಿದ್ದವಳಿಗೆ ನಗು ಬಂತು.

*

ಆಗ ಅವಳಿನ್ನೂ ಪುಟ್ಟ ಮಗು. ಜ್ವರ ಬಿಟ್ಟಿತ್ತು, ಆದರೆ ಮೈ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತಲೇ ಇತ್ತು. ಡಾಕ್ಟರಮ್ಮ ಅಪ್ಪನಿಗೆ ಅವನ ಕೆಲಸದ ಮಾತಲ್ಲೇ ತಿಳಿಸಿ ಹೇಳಲು ಹೋದರು.

"ರೋಗದ ಹುಳ ಔಷಧಿಗೆ ಸತ್ತಿದೆ. ಈಗ ರಕ್ತ ತಿನ್ತಿರೋದು ಮಗು ಮೈಯ ಕಾವಲೇ. ಹುಳ ಹೊಕ್ಕ ರಕ್ತಕಣದ ಜೊತೆ ಏನೂ ಆಗದಿರೋ ಕಣಗಳನ್ನೂ ಹೊಡೆದು ಹಾಕ್ತಿದೆ. ಸತ್ತಿರೋದರಲ್ಲಿ ಒಳ್ಳೇವೇ ಹೆಚ್ಚು. ಹೊಸ ರಕ್ತ ಹುಟ್ಟೋಕೂ ಬಿಡ್ತಿಲ್ಲ. ಕಳ್ಳನ್ನ ಹಿಡೀತೀನಿ ಅಂತ ಕಾವಲುಗಾರ ಬೀದಿಯೋರನ್ನೆಲ್ಲ ಬಡಿದ ಹಾಗೆ."

ಅಪ್ಪ ಉರಿದುಬಿದ್ದ. ಕಾವಲಿನ ವಿಚಾರ ತನಗೇ ಹೇಳಿಕೊಡುವುದೇ? ಹೊಟ್ಟೆಗೆ ನೆಟ್ಟಗೆ ಹಾಕದ ತಾಯಿಯದೇ ತಪ್ಪು ಎಂದು ವಾರ್ಡೆಲ್ಲ ಕೇಳುವಂತೆ ಕೂಗಾಡಿದ. ರಕ್ತ ಕೊಡಿ ಅಂದಾಗ ಮಾತ್ರ ಆ ಪೈಲ್ವಾನ ಡ್ಯೂಟಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದ. ಕೊಟ್ಟವಳು ಅಮ್ಮ. ತೋಳಿಗೆ ಹತ್ತಿ ಅಂಟಿಸಿಕೊಂಡು ಮನೆಗೆ ಬಂದವಳಿಗೆ ಆ ತೋಳಿನ ಮೇಲೇ ಲಾಠಿ ಬಿತ್ತು. ಜೊತೆಗಿದ್ದ ಪಕ್ಕದ ಮನೆ ಅಜ್ಜಿ ಇದನ್ನೆಲ್ಲ ಮಗಳಿಗೆ ಹೇಳಿದ್ದರು. ಅಮ್ಮ ಎಂದೂ ಬಾಯಿ ಬಿಟ್ಟವಳಲ್ಲ.

*

ಲಾಠಿ ಸಿಕ್ಕಿತು. ಎಣ್ಣೆ ಕುಡಿದು ಮಿರಿಮಿರಿ ಮಿಂಚುತ್ತಿತ್ತು. ಮನೆಯಲ್ಲಿ ಅಪ್ಪ ಮುದ್ದಿನಿಂದ ಸವರಿದ್ದು ಅದೊಂದನ್ನೇ. ಹೋಗಲಿ, ಇಟ್ಟು ಕೈತೊಳೆದುಕೊಂಡರಾಯಿತು ಎಂದು ಅವಳು ಹಜಾರಕ್ಕೆ ತಂದಳು. ದೊಡ್ಡಪ್ಪ ಕೈಚಾಚಿದರು.

ಹೆಣದ ತಲೆಯ ಬಳಿ ಕೂತಿದ್ದ ಅಮ್ಮ, ಲಾಠಿ ಹತ್ತಿರ ಬಂದದ್ದೇ ತಡ, ತೋಳೆತ್ತಿ ತಲೆ ಮುಚ್ಚಿಕೊಂಡಳು.

ದಿನಸಿ ಅಂಗಡಿಯವನು ಎದ್ದು ಚಪ್ಪಲಿ ಹುಡುಕತೊಡಗಿದ.

"ಕೊಡಮ್ಮ, ಹೊತ್ತಾಗುತ್ತೆ," ಎಂದರು ದೊಡ್ಡಪ್ಪ, ನೆಲ ನೋಡುತ್ತ.

"ಅಲ್ಲೂ ಅಪ್ಪನ ಕೈಗೆ ಯಾರಾದ್ರೂ ಸಿಗ್ತಾರೆ ದೊಡ್ಡಪ್ಪ. ಬರಿಗೈಲೇ ಹೋಗ್ಲಿ."

ದರ್ಜಿ ಎದ್ದು ದಾರಿ ಬಿಟ್ಟ. ಅವಳು ಲಾಠಿಯನ್ನು ಹೊರಗೆ ಪೊರಕೆಯ ಪಕ್ಕ ಒರಗಿಸಿ ಬಂದಳು. ಬಂದು ನೋಡಿದರೆ ಅಮ್ಮನ ತೋಳು ಇನ್ನೂ ತಲೆಯ ಮೇಲೇ ಇತ್ತು.