ಡ್ರೈವರ್ ಸೀಟಿನ ಹಿಂದಿನ ಸೀಟು

ಈ ಕಥೆಯನ್ನು ಕೊಟ್ಟ ಮಾತಿನಿಂದ ಶುರು ಮಾಡಲೋ, ಕಣ್ಣಿನ ಡಾಕ್ಟರಿಂದಲೋ? ಡಾಕ್ಟರಿಂದಾದರೆ ನೀವು ಮೊದಲ ಸಾಲಿಗೇ ಅಯ್ಯೋ ಅನ್ನುತ್ತೀರಿ. ಅಷ್ಟು ಬೇಗ ನಿಮ್ಮ ಅಯ್ಯೋ ನನಗೆ ಬೇಡ. ಆದ್ದರಿಂದ ಮಾತು. ಮಗಳಿನ್ನೂ ತೊಡೆಯ ಮೇಲೆ ಕೂತು ಸ್ಟೀರಿಂಗ್ ಮುಟ್ಟಿ ನೋಡುವ ವಯಸ್ಸಿನಲ್ಲಿದ್ದಾಗ, ಬಸ್ ಡ್ರೈವರ್ ಆಗಿದ್ದ ಅಪ್ಪ ಹೇಳಿದ್ದ: "ನೀನು ಕೆಲಸಕ್ಕೆ ಸೇರೋ ಮೊದಲನೇ ದಿನ ನನ್ನ ಬಸ್ಸಲ್ಲೇ ಹೋಗ್ಬೇಕು. ನಾನೇ ಓಡಿಸ್ಕೊಂಡು ಹೋಗಿ ಬಿಡ್ತೀನಿ."

1. ಮಗಳಿಗೆ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅದೇ ವಾರ, ವರ್ಷದ ತಪಾಸಣೆಯಲ್ಲಿ ಅಪ್ಪನ ಕಣ್ಣು ಫೇಲಾಯಿತು. ನೋಟದ ನಡುಭಾಗವೇ ಸವೆದಿದೆ, ಕನ್ನಡಕಕ್ಕೆ ಬಗ್ಗುವುದಲ್ಲ ಎಂದರು ಡಾಕ್ಟರು. ಬೆಳಿಗ್ಗೆ ಒಂದು ಬಸ್ಸಿನಷ್ಟು ಜನರ ಪ್ರಾಣ ಹಿಡಿದಿದ್ದ ಕೈಗೆ ಸಂಜೆ ಡಿಪೋದಲ್ಲಿ ಬಸ್ಸು ತೊಳೆಯುವ ಪೈಪು ಬಂತು. (ತೀರಾ ಬೇಗ ಆಯಿತು ಅನಿಸಿದರೆ, ಅವನಿಗೂ ಹಾಗೇ ಅನಿಸಿತ್ತು.)

2. ಇಲ್ಲಿ ಅವನಿಗೆ ಸಮಾಧಾನ ಹೇಳಬೇಕು. ನಾನು ಬರೆಯಲು ಕೂತದ್ದೇ ಅದಕ್ಕೆ. 'ಭಾಗ್ಯವೆಂಬುದು ಚಕ್ರ, ತಿರುಗುತ್ತಲೇ ಇರುತ್ತದೆ' ಎಂದು ಬರೆದೆ. ಅವನು ಪೈಪಿನ ನೀರು ನಿಲ್ಲಿಸಿ, ಬರೆಯುತ್ತಿದ್ದ ನನ್ನ ಕಡೆ ತಿರುಗಿದ.

"ಮೇಡಂ, ಜನ್ಮವಿಡೀ ಚಕ್ರದ ಮೇಲೇ ಕೂತಿದ್ದೋನು ನಾನು. ತಾನಾಗೇ ತಿರುಗೋ ಚಕ್ರಕ್ಕೆ ನಮ್ಮಲ್ಲಿ ಬ್ರೇಕ್ ಫೇಲ್ ಅಂತಾರೆ."

ಆ ಸಾಲನ್ನು ಹೊಡೆದುಹಾಕಿದೆ. 'ಕೈಬಿಟ್ಟು ಹೋದದ್ದು ಯಾವತ್ತೂ ನಮ್ಮದಾಗಿರಲಿಲ್ಲ' ಎಂದು ಬರೆದೆ.

"ಬಸ್ಸು ನನ್ನದಲ್ಲ, ಒಪ್ಕೊಂಡೆ. ಕಣ್ಣೂ ಬಾಡಿಗೆಗೆ ತಂದಿದ್ನಾ?"

ಅದೂ ಹೋಯಿತು.

3. ಈ ಭಾಗದಲ್ಲಿ ಅವನು ಬಸ್ಸು ಓಡಿಸುತ್ತಾನೆ. ಅವನು ಓಡಿಸುತ್ತಿದ್ದ, ಆಸ್ಪತ್ರೆಯ ಮುಂದೆ ಹಾಯುವ ರೂಟಿನಲ್ಲೇ ಅವನ ಗೆಳೆಯನೊಬ್ಬ ಡ್ರೈವರ್. ಕಾರಣವಿಲ್ಲದೆ ಹಾರ್ನ್ ಹೊಡೆಯುತ್ತಾನೆಂದು ಡಿಪೋದವರೆಲ್ಲ ಅವನನ್ನು ಪೀಪಿ ಎನ್ನುತ್ತಾರೆ. ಮಗಳು ಅಪ್ಪನ ಜೊತೆ ಕೆಲಸಕ್ಕೆ ಹೊರಟ ದಿನ, ಮೊದಲ ಸ್ಟಾಪಿನಲ್ಲಿ ಪೀಪಿ ಸೀಟು ಬಿಟ್ಟು ಎದ್ದೇಬಿಟ್ಟ.

"ಬಾರೋ, ಒಂದೇ ಒಂದು ಸ್ಟಾಪು. ಇಷ್ಟು ಬೆಳಿಗ್ಗೆ ರಸ್ತೆ ಖಾಲಿ ಇದೆ. ಮಗಳಿಗೆ ಕೊಟ್ಟ ಮಾತು ಕಣೋ."

ಅಪ್ಪನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಎರಡು ಪುಟ ಓಡಿಸಿದ, ನಾಜೂಕಾಗಿ. ಮಗಳ ಕಣ್ಣಲ್ಲಿ ನೀರನ್ನೂ ತರಿಸಿದ್ದೆ.

ಅವನೇ ಇಳಿದುಬಂದ. "ರಸ್ತೆ ಖಾಲಿ ಇರೋದು ಪೀಪಿಗೆ ಕಾಣ್ಸುತ್ತೆ. ನನಗೆ ಕಾಣ್ಸಲ್ಲ, ಮೇಡಂ."

ಎರಡೂ ಪುಟ ಹರಿದೆ.

3, ಮತ್ತೊಮ್ಮೆ. ಅವನು ಡ್ರೈವರ್ ಸೀಟಿನ ಹಿಂದೆ, ಮಗಳ ಪಕ್ಕ ಕೂತ. ಪ್ರತಿ ತಿರುವಿನಲ್ಲೂ ಅವನ ಬಲಗಾಲು ಅಲ್ಲೊಂದು ಬ್ರೇಕ್ ಇದೆ ಎಂಬಂತೆ ನೆಲವನ್ನು ಒತ್ತುತ್ತಿತ್ತು.

"ಅಪ್ಪಾ, ನೆಲ ತೂತಾಗುತ್ತೆ."

"ಪೀಪಿ ಬ್ರೇಕ್ ಹಿಡಿಯೋದು ಯಾವಾಗ್ಲೂ ಲೇಟು, ಪುಟ್ಟೀ."

"ಕಾಲೇಜಿಗೆ ನಾನು ಪೀಪಿ ಮಾಮನ ಬಸ್ಸಲ್ಲೇ ಅಲ್ವಾ ಹೋಗ್ತಿದ್ದಿದ್ದು? ನಿಲ್ಲುತ್ತೆ, ಸುಮ್ನಿರಪ್ಪಾ."

ಮುಂದಿನ ಸ್ಟಾಪು ಬರುವಾಗ ಅವನು ಹಲ್ಲು ಕಚ್ಚಿ ಕಾಲನ್ನು ಎತ್ತಿ ಹಿಡಿದ. ಬಸ್ಸು ನಿಂತಿತು. ಜನ ಇಳಿದರು, ಹತ್ತಿದರು.

(ಇಲ್ಲೇ ಮುಗಿಸುವ ಆಸೆ ನನಗೆ. ತನ್ನ ಕಾಲಿಲ್ಲದೆಯೂ ಲೋಕ ನಿಲ್ಲುವಲ್ಲಿ ನಿಲ್ಲುತ್ತದೆ ಎಂದು ಅವನಿಗೆ ಹೊಳೆಯಿತು, ಮನಸ್ಸು ಹಗುರಾಯಿತು ಎಂದು. ಆಗಬಹುದೇ ಎಂದು ಅವನನ್ನೇ ಕೇಳಿದೆ.)

"ಹಗುರ ಆಗಿದ್ದು ಕಾಲು," ಎಂದ. "ಅಷ್ಟೇ ಬರೀರಿ. ಜಾಸ್ತಿ ಹಾಕ್ಬೇಡಿ."

ಕಣ್ಣು ವಾಸಿಯಾಗುವ ಕೊನೆ ಬೇಕಿದ್ದವರು ನೀವೇ ಬರೆದುಕೊಳ್ಳಿ, ನನ್ನ ಕೈಲಾಗದು. ನಾಳೆ ಅವನು ಮತ್ತೆ ಪೈಪು ಹಿಡಿಯುತ್ತಾನೋ, ಮನೆಯಲ್ಲೇ ಗೋಡೆಗೆ ಮುಖ ಮಾಡಿ ಮಲಗುತ್ತಾನೋ, ಅದನ್ನು ನನಗವನು ಹೇಳಿಲ್ಲ. ಕೇಳಿದರೆ ಕಿಟಕಿಯ ಕಡೆ ತಿರುಗುತ್ತಾನೆ.

ಆಸ್ಪತ್ರೆಯ ಸ್ಟಾಪಿನಲ್ಲಿ ಮಗಳು ಇಳಿದಳು. ಬಸ್ಸು ಓಡಿಸಿದವನು ಪೀಪಿ. ಅಪ್ಪ ಕೊಟ್ಟ ಮಾತು ನಡೆಯಲಿಲ್ಲ.