ಎಮ್ಮೆಗೆ ಬುತ್ತಿ

ಈರಮ್ಮನ ಎಮ್ಮೆ ಗೌರಿ ಹುಟ್ಟಿ ಬೆಳೆದದ್ದು ಬಳ್ಳಾರಿಯ ಪಾರ್ವತಿನಗರದ ಹಿಂದಿನ ಓಣಿಯಲ್ಲಿ. ಮೂಲೆಯ ಜ್ಯೂಸ್ ಅಂಗಡಿಯ ಮೂಸಂಬಿ ಸಿಪ್ಪೆ, ಕಲ್ಲಂಗಡಿ ಸಿಪ್ಪೆ ಇಲ್ಲದೆ ಅದಕ್ಕೆ ಊಟವೇ ಇಳಿಯದು. ಮಾವಿನ ಕಾಲದಲ್ಲಂತೂ ಅದರ ಜಂಬ ನೋಡಬೇಕು.

ಈ ಮಹಾರಾಣಿಯನ್ನು ಈರಮ್ಮ ಸಿರಿಗೇರಿಗೆ ಕೊಟ್ಟಿದ್ದ ಮಗಳು ಜಯಶ್ರೀಗೆ ಕಳಿಸಿದಳು. ಹಾಲು ಮಾರಿ ತನ್ನದೇ ಅಂತ ನಾಲ್ಕು ಕಾಸು ಮಾಡಿಕೊಳ್ಳಬೇಕೆಂಬ ಆಸೆ ಮಗಳದು. ಅತ್ತೆ ಹುಲಿಗೆಮ್ಮನಿಗೆ ಅದು ಹಿಡಿಸಿರಲಿಲ್ಲ. ಗೊಣಗುತ್ತಲೇ ಒಪ್ಪಿದ್ದಳು.

ವಾರ ತುಂಬುವುದರೊಳಗೆ ಫೋನು ಬಂತು.

"ಅವ್ವಾ, ಗೌರಿ ನೆಲ್ಲುಹುಲ್ಲು ಮೂಸಿನೂ ನೋಡವಲ್ದು. ಹಾಲೂ ಕಡಿಮಿ ಆಗ್ಯಾವ. ಇದು ನಮ್ಮನಿಗೆ ಹೊಂದಂಗಿಲ್ಲ, ಹಿಂದಕ ಕಳಿಸು ಅಂತಾರ ನಮ್ಮತ್ತಿ." ಜಯಶ್ರೀಯ ದನಿ ಒದ್ದೆಯಾಗಿತ್ತು.

ಈರಮ್ಮನಿಗೆ ಸಿಟ್ಟು ಬಂದದ್ದು ಬೀಗಿತಿಯ ಮೇಲಲ್ಲ, ತನ್ನ ಮೇಲೆ. ಮುದ್ದು ಮಾಡಿ ಎಮ್ಮೆಯ ನಾಲಿಗೆ ಕೆಡಿಸಿದವಳು ತಾನೇ ಅಲ್ಲವೇ? ಬೆಳಗಾಗುತ್ತಲೇ ಒಂದು ಚೀಲ ಸಿಪ್ಪೆ ತುಂಬಿಕೊಂಡು ಬಸ್ಸು ಹತ್ತಿದಳು. ಬಸ್ಸೆಲ್ಲ ಮೂಸಂಬಿ ವಾಸನೆ.

"ಯವ್ವಾ, ಚೀಲದಾಗ ಏನೈತಿ?" ಎಂದ ಕಂಡಕ್ಟರ್.

"ನಮ್ಮ ಎಮ್ಮಿಗೆ ಬುತ್ತಿ" ಎಂದಳು.

ಮಗಳ ಮನೆಯ ಅಂಗಳದಲ್ಲಿ ಅವಳ ದನಿ ಕೇಳಿದ್ದೇ ತಡ, ಗೌರಿ ಹಗ್ಗ ಜಗ್ಗಿತು. ಈರಮ್ಮ ಅದರ ಮೈ ಸವರಿದಳೇ ಹೊರತು ಚೀಲವನ್ನು ಅದರ ಮುಂದೆ ಸುರಿಯಲಿಲ್ಲ. ಸಿಪ್ಪೆಯನ್ನೂ ಹುಲ್ಲನ್ನೂ ಸಣ್ಣಗೆ ಕತ್ತರಿಸಿ, ಉಪ್ಪುನೀರು ಚಿಮುಕಿಸಿ ಕಲಸಿ ಇಟ್ಟಳು. ಗೌರಿ ಸಿಪ್ಪೆಯನ್ನಷ್ಟೇ ಆರಿಸಿಕೊಳ್ಳಲು ನೋಡಿತು. ಆಗಲಿಲ್ಲ. ಬೇಸತ್ತು ಎರಡನ್ನೂ ಸೇರಿಸಿ ಮೆಲ್ಲತೊಡಗಿತು.

"ದಿನಾ ಸಿಪ್ಪಿ ಕಡಿಮಿ ಮಾಡ್ಕೊಂತ ಹೋಗು, ಹುಲ್ಲು ಹೆಚ್ಚು ಮಾಡು" ಎಂದು ಮಗಳಿಗೆ ಹೇಳಿದಳು. "ಮನಿಯಾಗ ಬಾಳಿಹಣ್ಣು ತಿಂದ್ರ ಸಿಪ್ಪಿ ತಿಪ್ಪಿಗೆ ಒಗಿಬ್ಯಾಡ."

ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಹುಲಿಗೆಮ್ಮ ನಕ್ಕಳು. "ಇದೇನ್ ಎಮ್ಮಿನೋ, ಹಬ್ಬಕ್ಕ ಬಂದ ಅಳಿಯನೋ? ಭಾರೀ ಉಪಚಾರ ನಡಸೀರಿ!"

"ಹೊಸಾ ಮನಿಗೆ ಬಂದೈತಿ ರೀ, ಹೊಂದಾಕ ನಾಕು ದಿನ ಬೇಕು. ನೀವು ಈ ಮನಿಗೆ ಬಂದಾಗ ಮೊದಲ್ನೇ ದಿನಾನ ಹೊಟ್ಟಿತುಂಬ ಉಂಡಿದ್ರೇನು?" ಎಂದಳು ಈರಮ್ಮ.

ಹುಲಿಗೆಮ್ಮ ಸೆರಗು ಕೊಡವಿ ಎದ್ದು ಒಳಗೆ ಹೋದಳು. ಬಾಯಿ ತಡೆಯಲಾರದೆ ಮಗಳ ಸಂಸಾರಕ್ಕೆ ಕಲ್ಲು ಹಾಕಿದೆನೇ ಎಂದು ಈರಮ್ಮನಿಗೆ ಅಳುಕಾಯಿತು.

ಮರುದಿನ ಬೆಳಿಗ್ಗೆ ಹಾಲು ಕರೆಯಲು ತಾಯಿ ಮಗಳು ಚೊಂಬು ಹಿಡಿದು ಹೊರಟರು. ದನದ ಮನೆಯಲ್ಲಿ ಆಗಲೇ ಯಾರದೋ ಮಾತು. ಇಬ್ಬರೂ ಬಾಗಿಲಲ್ಲೇ ನಿಂತರು.

"ತಿನ್ನಲೇ, ತಿನ್ನು. ನಾನೂ ಬಂದ ಹೊಸದಾಗ ಅಳಕೊಂತ ಉಪಾಸ ಮಲಗಿದ್ದೆ, ಯಾರೂ ಕೇಳಲಿಲ್ಲ. ಹೊಂದಿಕೊಂತೀ. ಇನ್ನ ಇದೇ ನಿನ್ನ ಮನಿ."

ಹುಲಿಗೆಮ್ಮ ಗೌರಿಗೆ ಬಾಳೆಹಣ್ಣಿನ ಸಿಪ್ಪೆ ತಿನ್ನಿಸುತ್ತಿದ್ದಳು. ಸಿಪ್ಪೆಯೊಳಗೆ ಅರ್ಧ ಹಣ್ಣು ಹಾಗೇ ಇತ್ತು.