ಹದಿಮೂರನೆಯ ಮಾದರಿ

2014ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಪ್ರಯೋಗಾಲಯದ ಡಾಕ್ಟರಮ್ಮ ಎರಡು ಹಾಳೆಗಳ ವರದಿಯನ್ನು ತಂದು ಮೇಜಿನ ಮೇಲೆ ಮಗುಚಿಟ್ಟರು. ಮಗುಚಿಟ್ಟ ರೀತಿಯಲ್ಲೇ ಏನೋ ಎಡವಟ್ಟಾಗಿದೆ ಎಂದು ಲೀಡರ್‌ಗೆ ಅನ್ನಿಸಿತು.

ಕಾರ್ಖಾನೆಯ ಕಾವಲುಗಾರನಿಂದ ಹಿಡಿದು ಸ್ವಂತ ಅಣ್ಣನವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಲೀಡರ್ ಎಂದೇ. ಬ್ಯಾಟರಿ ಕಾರ್ಖಾನೆಯಲ್ಲಿ ಸೀಸದ ತಗಡು ಉಜ್ಜುತ್ತ ಹದಿನಾಲ್ಕು ವರ್ಷ ದುಡಿದವಳು, ಹೆಂಗಸರ ಸಂಘ ಕಟ್ಟಿದಳೆಂದು ಕೆಲಸ ಕಳೆದುಕೊಂಡು ಒಂದೂವರೆ ವರ್ಷವಾಗಿತ್ತು. ಒಳಗೆ ಉಳಿದ ಹನ್ನೆರಡು ಹೆಂಗಸರಿಗೆ ಚಿಕಿತ್ಸೆಯ ಖರ್ಚು ಕೊಡಿಸಬೇಕು, ಬಟ್ಟೆ ಒಗೆಯಲು ಕಾರ್ಖಾನೆಯಲ್ಲೇ ಒಂದು ಕೋಣೆ ಕಟ್ಟಿಸಬೇಕು ಎಂದು ಅವಳು ಓಡಾಡದ ಕಚೇರಿಯಿರಲಿಲ್ಲ. ನಾಳೆ ಹನ್ನೊಂದಕ್ಕೆ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ.

ಮಾಲೀಕರದು ಒಂದೇ ಹಾಡು: ಸೀಸ ನಲ್ಲಿ ನೀರಿನಲ್ಲೇ ಇದೆ, ನಮ್ಮನ್ನೇಕೆ ದೂರುತ್ತೀರಿ? ಆ ಬಾಯಿ ಮುಚ್ಚಿಸಲು ಹೋಲಿಕೆಗೊಂದು ರಕ್ತದ ಮಾದರಿ ಬೇಕಾಗಿತ್ತು. ಅದೇ ಬೀದಿಯ, ಅದೇ ನಲ್ಲಿಯ ನೀರು ಕುಡಿಯುವ, ಕಾರ್ಖಾನೆಯ ಮೆಟ್ಟಿಲನ್ನೇ ತುಳಿಯದ ಒಬ್ಬ ಹೆಂಗಸಿನದು. ಲೀಡರ್ ಹೆಚ್ಚು ಹುಡುಕದೆ ತನ್ನ ಅತ್ತಿಗೆಯನ್ನೇ ಕರೆತಂದಿದ್ದಳು.

"ಹನ್ನೆರಡು ಜನರದ್ದೂ ನೀವು ಹೇಳಿದ ಹಾಗೇ ಇದೆ," ಎಂದರು ಡಾಕ್ಟರಮ್ಮ. "ಡೆಸಿಲೀಟರ್ ರಕ್ತಕ್ಕೆ ಮೂವತ್ನಾಲ್ಕು ಮೈಕ್ರೋಗ್ರಾಂನಿಂದ ಐವತ್ತೊಂದರವರೆಗೆ ಸೀಸ. ಹತ್ತು ದಾಟಬಾರದು."

"ಮತ್ತೆ ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ?"

"ಹದಿಮೂರನೇದು ನೋಡಿ."

ಲೀಡರ್ ಹಾಳೆ ತಿರುವಿದಳು. 63.

"ಶೀಷೆ ಅದಲುಬದಲಾಗಿದೆ."

"ನನಗೂ ಹಾಗೇ ಅನ್ನಿಸ್ತು. ಮೂರು ಸಲ ನೋಡ್ದೆ. ಅರವತ್ಮೂರು, ಅರವತ್ತೆರಡು, ಮತ್ತೆ ಅರವತ್ಮೂರು. ಈಕೆ ಏನು ಕೆಲಸ ಮಾಡ್ತಾರೆ?"

"ಏನೂ ಇಲ್ಲ. ಮನೇಲಿರ್ತಾರೆ."

"ಮನೇಲಿ ಏನು ಮಾಡ್ತಾರೆ?"

"ಅಡುಗೆ, ಪಾತ್ರೆ, ಬಟ್ಟೆ..." ಎನ್ನುತ್ತಿದ್ದವಳ ನಾಲಿಗೆ ಅಲ್ಲೇ ನಿಂತಿತು. ಡಾಕ್ಟರಮ್ಮ ನೀರಿನ ಲೋಟ ಮುಂದೆ ಸರಿಸಿದ್ದೂ ಅವಳಿಗೆ ಕಾಣಲಿಲ್ಲ.

ವರ್ಷದ ಹಿಂದೆ ಮಾಡಿದ ಕೋಟಿನ ಏರ್ಪಾಡು ಅವಳದೇ. ಕೆಲಸದ ಕೋಟು ಮನೆಗೆ ಹೋದರೆ ಧೂಳೂ ಹೋಗುತ್ತದೆ, ಅಮ್ಮನ ತೊಡೆ ಏರುವ ಕೂಸಿನ ಮೈಗೆ ಅಂಟುತ್ತದೆ ಎಂದು ಓದಿ ತಿಳಿದ ದಿನವೇ ಅವಳು ಹನ್ನೆರಡು ಜನರನ್ನೂ ಕೂರಿಸಿಕೊಂಡು ಹೇಳಿದ್ದಳು: ಕೋಟು ನಮ್ಮ ಮನೆಯಲ್ಲಿ ಬಿಚ್ಚಿಟ್ಟು ಹೋಗಿ, ಬೆಳಿಗ್ಗೆ ಬಂದು ಹಾಕಿಕೊಳ್ಳಿ. ಮನೆ ಗೇಟಿಗೆ ಇನ್ನೂರು ಹೆಜ್ಜೆ ದೂರ. ಹಿಂದಿನ ಗೋಡೆಗೆ ತಾನೇ ಹನ್ನೆರಡು ಮೊಳೆ ಹೊಡೆದಿದ್ದಳು. ಹನ್ನೆರಡು ಮನೆಯ ಹತ್ತೊಂಬತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಎಣಿಸಿದ್ದಳು. ಅಣ್ಣ ಲಾರಿ ಹತ್ತಿದರೆ ವಾರಗಟ್ಟಲೆ ಬರುವುದಿಲ್ಲ, ಅತ್ತಿಗೆಗೆ ಮಕ್ಕಳಿಲ್ಲ, ಹಾಗಾಗಿ ಈ ಮನೆಯಲ್ಲಿ ಧೂಳು ತಗಲುವುದಕ್ಕೆ ಯಾರೂ ಇಲ್ಲ ಎಂದು ಅಂದುಕೊಂಡಿದ್ದಳು. ಕೋಟು ಒಗೆಯುವವರು ಯಾರು ಎಂಬ ಮಾತೇ ಅಂದು ಎದ್ದಿರಲಿಲ್ಲ. ಮರುದಿನ ಅವು ಒಣಗಿ, ಮಡಚಿ ಸಿದ್ಧವಾಗಿದ್ದವು. ಅದರ ಮರುದಿನವೂ.

ಮನೆಗೆ ಬರುವಷ್ಟರಲ್ಲಿ ಹನ್ನೆರಡೂವರೆ. ಅತ್ತಿಗೆ ಹೊಸ್ತಿಲ ಮೇಲೆ ಕೂತು ಮಣಿಕಟ್ಟು ನೀವಿಕೊಳ್ಳುತ್ತಿದ್ದಳು.

"ಏನ್ ಲೀಡರಮ್ಮ, ಹಗಲು ಹೊತ್ತಲ್ಲಿ ಮನೆ ದಾರಿ ನೆನಪಾಯ್ತಾ? ಸರ್ಕಾರ ಏನಾದ್ರೂ ಬಿದ್ದುಹೋಯ್ತಾ?"

"ಅತ್ತಿಗೆ, ಕೋಟು ಹೇಗೆ ಒಗೀತೀರಿ?"

"ಹೇಗೆ ಒಗೀತಾರೆ? ಕೈಯಲ್ಲಿ."

"ತಮಾಷೆ ಬೇಡ. ಮೊದಲಿಂದ ಹೇಳಿ."

ಅತ್ತಿಗೆ ಅವಳ ಮುಖ ನೋಡಿ ಎದ್ದು, ಬಚ್ಚಲು ಮನೆಗೆ ಕರೆದೊಯ್ದಳು. "ಮೊದಲು ಕೊಡವೋದು. ಒಂದೊಂದನ್ನೂ ಹತ್ತು ಸಲ. ನೀರು ಬರೋದು ದಿನ ಬಿಟ್ಟು ದಿನ, ಹಾಗೇ ನೆನೆಸಿದ್ರೆ ನಾಲ್ಕು ಬಕೆಟ್ ಸಾಲಲ್ಲ. ಕೊಡವಿದ್ರೆ ಎರಡರಲ್ಲಿ ಮುಗಿಯುತ್ತೆ."

"ಅಂಗಳದಲ್ಲಾ?"

"ಅಂಗಳದಲ್ಲಿ ಕೊಡವಿದ್ರೆ ಮೇಲ್ಮನೆಯವಳು ಬಾಯಿಗೆ ಬಂದ ಹಾಗೆ ಬೈತಾಳೆ. ಇಲ್ಲೇ, ಬಾಗಿಲು ಹಾಕ್ಕೊಂಡು."

ಆರಡಿ ಉದ್ದ, ನಾಲ್ಕಡಿ ಅಗಲ. ಗೂಡಿನಂಥ ಕಿಟಕಿ, ಅದಕ್ಕೂ ರಟ್ಟು. ಲೀಡರ್ ಕಿಟಕಿಯ ಅಂಚಿಗೆ ಬೆರಳಿಟ್ಟು ಎಳೆದಳು. ಬೆರಳ ತುದಿ ಬೂದಿ ಬಣ್ಣಕ್ಕೆ ತಿರುಗಿತು. ಈ ಬಚ್ಚಲಲ್ಲಿ ಅವಳೂ ಸ್ನಾನ ಮಾಡುತ್ತಿದ್ದಳು, ದಿನ ಬೆಳಗಾದರೆ, ಗಡಿಬಿಡಿಯಲ್ಲಿ.

ಹೋದ ಮಳೆಗಾಲದಲ್ಲಿ ಅತ್ತಿಗೆ, "ಹೊಟ್ಟೆ ಹಿಂಡಿದ ಹಾಗಾಗುತ್ತೆ ಕಣೇ," ಎಂದಾಗ ಲೀಡರ್ ಕರಪತ್ರದ ಕರಡು ತಿದ್ದುತ್ತಿದ್ದಳು. "ಗ್ಯಾಸ್ ಇರ್ಬೇಕು," ಎಂದು ತಲೆಯೆತ್ತದೆ ಹೇಳಿದ್ದಳು. ಆ ಕರಪತ್ರದಲ್ಲಿ ಸೀಸದ ವಿಷದ ಲಕ್ಷಣಗಳ ಪಟ್ಟಿಯಿತ್ತು. ಮೊದಲನೆಯದು ಹೊಟ್ಟೆ ಹಿಂಡುವುದು. ಎರಡನೆಯದು ಮಣಿಕಟ್ಟು ಸೋಲುವುದು. ಎರಡು ಸಾವಿರ ಪ್ರತಿ ಹಂಚಿದ್ದಳು.

ಅವಳು ವರದಿಯ ವಿಷಯ ಹೇಳಿದಳು. ಹೇಗೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ.

"ಆ ಹನ್ನೆರಡು ಜನಕ್ಕಿಂತ ಜಾಸ್ತಿನಾ?" ಎಂದಳು ಅತ್ತಿಗೆ.

"ಹೂಂ."

"ಅಂತೂ ಒಂದ್ರಲ್ಲಾದ್ರೂ ನಿಮ್ಮನ್ನೆಲ್ಲ ಮೀರಿಸ್ದೆ ಅನ್ನು." ನಗಲು ಹೋದವಳು ನಗಲಿಲ್ಲ. ಬಚ್ಚಲಿನ ಬಾಗಿಲನ್ನು, ಮೊದಲ ಸಲ ಕಂಡವಳ ಹಾಗೆ ನೋಡುತ್ತ ನಿಂತಳು.

ಸಂಘದ ವಕೀಲರಿಗೆ ಫೋನ್ ಮಾಡಿದಾಗ ಅವರು ಒಂದು ನಿಮಿಷವೂ ಯೋಚಿಸಲಿಲ್ಲ. "ಹದಿಮೂರನೇದನ್ನ ಕೈಬಿಡಿ. ಹನ್ನೆರಡು ಸಾಕು. ಅದನ್ನ ಕೊಟ್ರೆ ಅವರ ವಕೀಲ ಕುಣಿದಾಡ್ತಾನೆ. ಕಾರ್ಖಾನೆಗೆ ಕಾಲಿಡದವಳಿಗೇ ಅರವತ್ಮೂರು, ಎಲ್ಲಾ ನೀರಿಂದ ಬಂದಿದ್ದು ಅಂತಾನೆ. ಮೂರು ವರ್ಷದ ಹೋರಾಟ ನೀರಲ್ಲಿ ಹೋಮ ಮಾಡಿದ ಹಾಗಾಗುತ್ತೆ."

"ಅವರ ಚಿಕಿತ್ಸೆ?"

"ಅದು ಆಮೇಲೆ ನೋಡೋಣ. ಮೊದಲು ಕೇಸ್ ಗೆಲ್ಲೋಣ."

ಫೋನಿನ ದನಿ ದೊಡ್ಡದು. ಅತ್ತಿಗೆ ಪಕ್ಕದಲ್ಲೇ ಇದ್ದಳು. "ಕೈಬಿಡೋದು ಅಂದ್ರೆ ಯಾರನ್ನ? ನನ್ನನ್ನಾ?"

ಲೀಡರ್ ಫೋನ್ ಕೆಳಗಿಟ್ಟಳು.

"ಬಿಡು, ಹನ್ನೆರಡು ಮನೆ ವಿಷಯ," ಎಂದಳು ಅತ್ತಿಗೆ. "ಆದ್ರೆ ನಾನು ಮನೇಲಿ ಸುಮ್ನೆ ಕೂತಿದ್ದೆ ಅಂತ ಮಾತ್ರ ಯಾರ ಮುಂದೇನೂ ಹೇಳ್ಬೇಡ."

ಲೀಡರ್ ಮತ್ತೆ ಫೋನ್ ಎತ್ತಿಕೊಂಡಳು. "ವಕೀಲರೇ, ಹದಿಮೂರೂ ಹೋಗುತ್ತೆ. ಅವರು ಹೋಲಿಕೆಗೆ ಬಂದವರಲ್ಲ, ಕಾರ್ಖಾನೆ ಕೆಲಸದವರೇ ಅಂತ ಬರೀರಿ."

"ಸಾಕ್ಷಿ?"

"ಸಂಜೆ ಕೊಡ್ತೀನಿ."

ಎರಡೂಕಾಲಿಗೆ ಪಾಳಿ ಬಿಟ್ಟು ಹನ್ನೆರಡು ಜನರೂ ಬಂದರು. ಯಾರೂ ಕೋಟು ಬಿಚ್ಚುವ ಮೊದಲೇ ಲೀಡರ್ ವಿಷಯ ಹೇಳಿದಳು. ಎಲ್ಲರಿಗಿಂತ ಹಿರಿಯಳಾದ, ಎಲ್ಲರೂ ತಗಡಿನ ಅಜ್ಜಿ ಎನ್ನುತ್ತಿದ್ದವಳು ಕೋಟಿನ ಗುಂಡಿಗೆ ಹಾಕಿದ ಕೈಯನ್ನು ಹಾಗೇ ಹಿಡಿದು ನಿಂತಳು. "ಅಯ್ಯೋ, ಒಗೆದಿಟ್ಟ ಕೋಟು ಹಾಕ್ಕೊಂಡು ಹೋಗ್ತಾ, ಎಷ್ಟು ಚೆನ್ನಾಗಿ ಒಗೀತೀಯಮ್ಮ ಅಂತ ದಿನಾ ಹೊಗಳ್ತಿದ್ನಲ್ಲೇ!"

ಬಚ್ಚಲಿನ ನೆಲ ಒರೆಸಿ, ಧೂಳು ಹಿಡಿಯಲು ಡಾಕ್ಟರಮ್ಮನಿಂದ ತೂಕ ಮಾಡಿಸಿ ತರಿಸಿಕೊಂಡ ದಪ್ಪ ಕಾಗದ ಹಾಸಿ, ಮೂಗು ಬಾಯಿಗೆ ಮುಖವಾಡ ಬಿಗಿದು ಲೀಡರ್ ಒಳಗೆ ಹೋದಳು. ಅತ್ತಿಗೆಯನ್ನು ಒಳಗೆ ಬಿಡಲಿಲ್ಲ. ಅವಳು ಮುಚ್ಚಿದ ಬಾಗಿಲಾಚೆಯಿಂದಲೇ ಗದರುತ್ತಿದ್ದಳು:

"ಸದ್ದು ಕೇಳಿದ್ರೇ ಗೊತ್ತಾಗುತ್ತೆ, ಹಾಗಲ್ಲ! ಕಾಲರ್ ಹಿಡ್ಕೊಂಡು ಕೊಡವು. ಜೇಬು ಹೊರಗೆ ತೆಗಿ. ಜೇಬಲ್ಲೇ ಜಾಸ್ತಿ ಇರೋದು."

ನಾಲ್ಕನೆಯ ಕೋಟಿಗೆ ಗೋಡೆ ಮಸುಕಾಯಿತು. ಏಳನೆಯದಕ್ಕೆ ತನ್ನ ಕೈಯೇ ತನಗೆ ಸರಿಯಾಗಿ ಕಾಣಲಿಲ್ಲ. ಅತ್ತಿಗೆಗೆ ಮುಖವಾಡ ಇರಲಿಲ್ಲ. ಹನ್ನೆರಡೂ ಮುಗಿದಾಗ ಲೀಡರ್ ಧೂಳು ಕೂರಲೆಂದು ಅರ್ಧ ಗಂಟೆ ಗೋಡೆಗೆ ಒರಗಿ ನಿಂತಳು, ಆಮೇಲೆ ಕಾಗದದ ನಾಲ್ಕು ಮೂಲೆ ಸೇರಿಸಿ ಕಟ್ಟಿದಳು.

ಐದು ಗಂಟೆಗೆ ಡಾಕ್ಟರಮ್ಮ ಪೊಟ್ಟಣವನ್ನು ತಕ್ಕಡಿಯ ಮೇಲಿಟ್ಟು ಗಾಜಿನ ಬಾಗಿಲು ಸರಿಸಿದರು. ಅಂಕಿ ನಿಂತಿತು. ಡಾಕ್ಟರಮ್ಮ ಒಮ್ಮೆ ಓದಿ, ನಂಬದೆ, ಕೆಳಗಿಳಿಸಿ ಮತ್ತೆ ಇಟ್ಟರು. ಅದೇ ಬಂತು. ಹದಿಮೂರನೆಯ ಹಾಳೆಯ ಹಿಂದೆ ಲಗತ್ತಿಸಲು ಹೊಸದೊಂದು ಹಾಳೆ ತೆಗೆದು, ಬರೆದು ಸಹಿ ಹಾಕಿದರು.

ಹನ್ನೆರಡು ಕೋಟು, ಒಂದು ದಿನದ ಧೂಳು, ಕಾಗದದ ತೂಕ ಕಳೆದು: 31.6 ಗ್ರಾಂ.